ಅಜ್ಜಿಯ ತೋಳಿನ ಗುರುತು

ಹೋದ ವರ್ಷ ನನ್ನ ಬ್ಲಡ್ ರಿಪೋರ್ಟ್ ನೋಡಿದ ಡಾಕ್ಟ್ರು, "ಇದು ಹಾಶಿಮೊಟೊ. ನಿಮ್ಮ ದೇಹವೇ ನಿಮ್ಮ ಥೈರಾಯ್ಡ್ ಮೇಲೆ ತಿರುಗಿಬಿದ್ದಿದೆ" ಅಂದ್ರು. ದಿನಾ ಬೆಳಗ್ಗೆ ಖಾಲಿ ಹೊಟ್ಟೆಗೆ ಒಂದು ಮಾತ್ರೆ, ಅಷ್ಟೇ. ಮಾತ್ರೆ ಸಲೀಸಾಗಿ ಇಳಿಯಿತು, ಆ ಮಾತು ಇಳಿಯಲಿಲ್ಲ. ನನ್ನದೇ ರಕ್ತ ನನಗೆ ಹಗೆಯಾಗೋದು ಅಂದ್ರೆ ಏನು?

ಯುಗಾದಿಗೆ ಸಂತೇಬೆನ್ನೂರಿಗೆ ಹೋಗಿದ್ದೆ. ಸಂಜೆ ಪುಷ್ಕರಣಿ ಹತ್ತಿರ ಅಜ್ಜಿ ಜೊತೆ ಕೂತಿದ್ದಾಗ ಸೆರಗು ಸರಿದು ಅವಳ ತೋಳಿನ ದುಂಡನೆ ಕಲೆ ಕಾಣಿಸಿತು. "ಇದಾ? ಸಣ್ಣೋಳಿದ್ದಾಗ ದಾಕು ಹಾಕಿದ್ದು ಕಣವ್ವಾ, ಮೈಲಿ ಬರಬಾರ್ದು ಅಂತ" ಅಂದಳು.

ಮೈಲಿ ಅಂದ್ರೆ ಸಿಡುಬು. ಅದರ ಲಸಿಕೆಯನ್ನು 1796ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ ಪ್ರಯೋಗಿಸಿದ. 1802ರಲ್ಲಿ ಅದು ಮುಂಬೈಗೆ ಬಂತು. ಸುಮಾರು 1805ರಲ್ಲಿ ಥಾಮಸ್ ಹಿಕ್ಕಿ ಮೈಸೂರು ಅರಮನೆಯ ಮೂವರು ಹೆಣ್ಣುಮಕ್ಕಳ ಚಿತ್ರ ಬರೆದ. ಅದರಲ್ಲಿ ಒಬ್ಬಾಕೆ ಸೆರಗು ಸರಿಸಿ ತೋಳಿನತ್ತ ಬೆರಳು ತೋರಿಸುತ್ತಿದ್ದಾಳೆ. ಆಕೆ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ, ತೋರಿಸುತ್ತಿರುವುದು ಲಸಿಕೆಯ ಜಾಗ ಅನ್ನುವುದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅವರ ವಾದ. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಿಡುಬು ಅಳಿಯಿತೆಂದು ಸಾರಿತು.

ಆ ಕಲೆಯ ಒಳಗೆ ಏನು ನಡೆಯಿತು ಅನ್ನುವ ಕಥೆ ಮಾತ್ರ ಇನ್ನೂ ಮುಗಿದಿಲ್ಲ.

ಸುಮಾರು 1900ರಲ್ಲಿ ಜರ್ಮನಿಯ ಪಾಲ್ ಎರ್ಲಿಕ್ ಆಡುಗಳಿಗೆ ಆಡಿನ ರಕ್ತವನ್ನೇ ಚುಚ್ಚಿ ನೋಡಿದ. ಬೇರೆ ಆಡಿನ ರಕ್ತಕ್ಕೆ ಪ್ರತಿಕಾಯ ಹುಟ್ಟಿತು, ತನ್ನದೇ ರಕ್ತಕ್ಕೆ ಹುಟ್ಟಲಿಲ್ಲ. ದೇಹಕ್ಕೆ ತನ್ನ ಮೇಲೇ ವಿಷ ಕಾರಲು ಹೇಸಿಗೆ ಅಂದ ಎರ್ಲಿಕ್. 1956ರಲ್ಲಿ ಆ ನಂಬಿಕೆ ಅಲುಗಾಡಿತು. ಲಂಡನ್ನಿನಲ್ಲಿ ಐವನ್ ರಾಯ್ಟ್, ಡೆಬೊರಾ ಡೋನಿಯಾಕ್ ಮತ್ತು ಸಂಗಡಿಗರು ಹಾಶಿಮೊಟೊ ರೋಗಿಗಳ ರಕ್ತದಲ್ಲಿ ಥೈರಾಯ್ಡಿನ ವಿರುದ್ಧದ ಪ್ರತಿಕಾಯ ಕಂಡರು. ಹೌದು, ನನ್ನದೇ ಕಾಯಿಲೆ! ಮರುವರ್ಷ ಆಸ್ಟ್ರೇಲಿಯಾದ ಮ್ಯಾಕ್‌ಫರ್ಲೇನ್ ಬರ್ನೆಟ್ ಹೊಸ ಸಿದ್ಧಾಂತ ಮಂಡಿಸಿದ. ಪ್ರತಿಯೊಂದು ಬಿ ಕೋಶಕ್ಕೂ ಒಂದೊಂದು ಬಗೆಯ ಪ್ರತಿಕಾಯ. ತನ್ನವರನ್ನೇ ಹಿಡಿಯುವ ಕೋಶಗಳನ್ನು ದೇಹ ಮೊದಲೇ ತೆಗೆದುಹಾಕುತ್ತದೆ.

ಆದರೆ ಎಲ್ಲವನ್ನೂ ತೆಗೆಯುವುದಿಲ್ಲ. ಎಷ್ಟೋ ಕೋಶಗಳನ್ನು ಬಾಯಿ ಮುಚ್ಚಿಸಿ ಉಳಿಸಿಕೊಳ್ಳುತ್ತದೆ. ನಮ್ಮ ಹೊಸ ಬಿ ಕೋಶಗಳಲ್ಲಿ ಸುಮಾರು 5% ಒಂದು ನಿರ್ದಿಷ್ಟ ಜೀನ್ ಬಳಸುತ್ತವೆ, ಅವು ನಮ್ಮದೇ ರಕ್ತಕಣಗಳ ಮೇಲಿನ ಸಕ್ಕರೆಗೆ ಅಂಟಿಕೊಳ್ಳುವ ಜಾತಿಯವು. ಇಂಥ ಅಪಾಯವನ್ನು ಮನೆಯಲ್ಲಿಟ್ಟುಕೊಂಡು ಏನು ಪ್ರಯೋಜನ?

2016ರಲ್ಲಿ ಸಿಡ್ನಿಯ ಗಾರ್ವನ್ ಸಂಸ್ಥೆಯ ಕ್ರಿಸ್ಟೋಫರ್ ಗುಡ್‌ನೌ ಮತ್ತು ಸಂಗಡಿಗರು ಇದಕ್ಕೆ ಉತ್ತರವೊಂದನ್ನು ಮುಂದಿಟ್ಟರು. ಆರೋಗ್ಯವಂತರಿಂದ ಪಡೆದ, ಈ ಜೀನಿನಿಂದಲೇ ಹುಟ್ಟಿದ ಮೂರು ಪ್ರತಿಕಾಯಗಳನ್ನು ಪರೀಕ್ಷಿಸಿದರು. ಅವು ಬೇರೆಯವರ ರಕ್ತದ ಆರ್‌ಎಚ್ ಅಂಶದ ವಿರುದ್ಧ ಅಥವಾ ಸಿಡುಬಿನ ಲಸಿಕೆಯಲ್ಲಿರುವ ವ್ಯಾಕ್ಸಿನಿಯಾ ವೈರಸ್ಸಿನ ವಿರುದ್ಧ ಬೆಳೆದಿದ್ದವು. ಒಂದೊಂದನ್ನೂ ಅದರ ಮೂಲರೂಪಕ್ಕೆ ಮರಳಿಸಿ ನೋಡಿದರೆ, ಮೂರರ ಪೂರ್ವಜರೂ ನಮ್ಮದೇ ಜೀವಕೋಶಗಳಿಗೆ ಗಟ್ಟಿಯಾಗಿ ಅಂಟುತ್ತಿದ್ದವು! ಹೊರಗಿನ ಶತ್ರು ಬಂದಾಗ ಈ ಕೋಶಗಳು ತಮ್ಮ ಜೀನನ್ನು ಮತ್ತೆ ಮತ್ತೆ ತಿದ್ದಿಕೊಂಡಿದ್ದವು. ಒಂದೇ ಒಂದು ಬದಲಾವಣೆ ತನ್ನವರ ಮೇಲಿನ ಹಿಡಿತ ಬಿಡಿಸಿತ್ತು. ಅದರಿಂದ ಶತ್ರುವಿನ ಮೇಲಿನ ಹಿಡಿತವೂ ಸ್ವಲ್ಪ ಸಡಿಲವಾಗಿತ್ತು, ಬೇರೆ ಬದಲಾವಣೆಗಳು ಆ ನಷ್ಟ ತುಂಬಿದ್ದವು. ಉಳಿಸಿಕೊಳ್ಳುವುದರ ಲಾಭವೂ ಊಹಿಸಬಹುದಾದದ್ದೇ. ಎಚ್‌ಐವಿಯಂಥ ವೈರಸ್ಸುಗಳು ನಮ್ಮದೇ ಕೋಶದ ಸಕ್ಕರೆ ಹೊದ್ದು ಬರುತ್ತವೆ. ನಮ್ಮಂತೆ ಕಾಣುವವರನ್ನು ಹಿಡಿಯುವ ಕೋಶಗಳನ್ನೆಲ್ಲ ಕೊಂದುಬಿಟ್ಟರೆ ಅಂಥ ವೇಷಧಾರಿಗಳಿಗೆ ಬಾಗಿಲು ತೆರೆದಿಟ್ಟಂತೆ.

ಇದನ್ನೆಲ್ಲ ಅಜ್ಜಿಗೆ ನನಗೆ ತಿಳಿದಂತೆ ಹೇಳಿದೆ. ಅವಳು ಎಲೆ ಅಡಿಕೆ ಮಡಚುತ್ತಾ, "ಹಾಯೋ ಎತ್ತು ಅಂತ ಎಲ್ಲಾನೂ ಮಾರಿಬಿಟ್ರೆ ಹೊಲ ಊಳೋರ್ಯಾರು? ಮೂಗುದಾರ ಹಾಕಿ ಪಳಗಿಸ್ಬೇಕು" ಅಂದಳು.

ನನ್ನ ಥೈರಾಯ್ಡಿಗೆ ಇದರಿಂದ ವಾಸಿಯೇನೂ ಆಗುವುದಿಲ್ಲ, ಅಲ್ಲಿ ಮೂಗುದಾರ ಕಿತ್ತುಹೋಗಿದೆ. ಮಾತ್ರೆ ಇನ್ನೂ ನುಂಗುತ್ತಿದ್ದೇನೆ. ಆದರೆ ಡಾಕ್ಟರ ಆ ಮಾತು ಈಗ ಮೊದಲಿನಷ್ಟು ಚುಚ್ಚುವುದಿಲ್ಲ. ನನ್ನ ಮೇಲೆ ತಿರುಗಿಬಿದ್ದವರು ಯಾವುದೋ ಶತ್ರುದೇಶದವರಲ್ಲ. ಕಾವಲುಗಾರರು ಬರುವುದೂ ಅದೇ ಕೇರಿಯಿಂದ.