ಹೊಲದ ಮೇಲಿನ ತಂತಿ: ಒಂದು ಕಾಯ್ದೆಯ ಚರಿತ್ರೆ, ಒಂದಿಷ್ಟು ಭೌತವಿಜ್ಞಾನ

ಗೋಕಾಕದಿಂದ ಅರಭಾವಿ, ಮೂಡಲಗಿಗಳ ಕಡೆಗೆ ಹೊರಟರೆ ರಸ್ತೆಯ ಎರಡೂ ಬದಿ ಕಬ್ಬು, ಗೋವಿನಜೋಳದ ಹೊಲಗಳು ನಿಮ್ಮ ಜೊತೆಗೇ ಬರುತ್ತವೆ. ಘಟಪ್ರಭೆಯ ನೀರು ಕಂಡ ನೆಲವಿದು. ಈ ಹೊಲಗಳನ್ನು ದಾಟಿ ಹೋಗುವ ವಸ್ತುಗಳನ್ನು ಒಮ್ಮೆ ಪಟ್ಟಿ ಮಾಡಿ. ಮೊದಲು ರಸ್ತೆ. ಅದರ ನೆಲ ಸರ್ಕಾರದ್ದು. ಆಮೇಲೆ ಕಾಲುವೆ. 1897ರ ಧೂಪದಾಳ ಒಡ್ಡಿನಿಂದ ಹೊರಟ ಎಡದಂಡೆ ಕಾಲುವೆಯ ನೆಲವೂ ಸರ್ಕಾರದ್ದೇ. ಮೂರನೆಯದು ವಿದ್ಯುತ್ ತಂತಿ. ಅದರ ಕೆಳಗಿನ ನೆಲ ಯಾರದು? ಉತಾರ ತೆಗೆಸಿ ನೋಡಿದರೆ ರೈತನ ಹೆಸರೇ ಇರುತ್ತದೆ. ಕಂದಾಯ ಕಟ್ಟುವವನೂ ಅವನೇ. ಆದರೆ ಅಲ್ಲಿ ಅವನು ತೆಂಗು ನೆಡುವಂತಿಲ್ಲ, ಮನೆ ಕಟ್ಟುವಂತಿಲ್ಲ.

ಈ ವಿಚಿತ್ರ ಸ್ಥಿತಿಯಿಂದಲೇ ಜಗಳಗಳು ಹುಟ್ಟುತ್ತವೆ. ಗುತ್ತಿಗೆದಾರನ ಆಳುಗಳು ಒಂದು ದಿನ ಜೆಸಿಬಿ ತಂದು ಹೊಲದಲ್ಲಿ ಗುಂಡಿ ತೋಡುತ್ತಾರೆ. "ಯಾರನ್ನ ಕೇಳಿ ಅಗದ್ರಿ?" ಎಂದು ರೈತ ಕೇಳುತ್ತಾನೆ. "ಸರ್ಕಾರದ ಕೆಲಸ ಐತಿ" ಎಂಬ ಉತ್ತರ ಬರುತ್ತದೆ. ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿದೆ. ಉಳಿದ ಅರ್ಧವನ್ನು ತಿಳಿಯಲು ನಾವು 19ನೇ ಶತಮಾನಕ್ಕೆ ಹೋಗಬೇಕು.

ಮೊದಲು ಬಂದದ್ದು ಟೆಲಿಗ್ರಾಫ್

ಭಾರತದ ಹೊಲಗಳ ಮೇಲೆ ಮೊದಲು ಹಾದದ್ದು ವಿದ್ಯುಚ್ಛಕ್ತಿಯ ತಂತಿಯಲ್ಲ, ಸುದ್ದಿಯ ತಂತಿ. ವಿಲಿಯಂ ಓಶಾನೆಸ್ಸಿ ಎಂಬ ವೈದ್ಯ 1839ರಲ್ಲಿ ಕಲ್ಕತ್ತೆಯ ಬಳಿ ಪ್ರಾಯೋಗಿಕ ತಂತಿ ಮಾರ್ಗವೊಂದನ್ನು ಎಳೆದರು. 1851ರಲ್ಲಿ ಕಲ್ಕತ್ತೆಯಿಂದ ಡೈಮಂಡ್ ಹಾರ್ಬರ್ ಕಡೆಗೆ ಮಾರ್ಗ ಸಿದ್ಧವಾಯಿತು. 1855ರಲ್ಲಿ ತಂತಿ ಸೇವೆ ಸಾರ್ವಜನಿಕರಿಗೆ ತೆರೆಯಿತು. ಮಾರ್ಗಗಳು ಹೆಚ್ಚಿದಂತೆ ಕಾಯ್ದೆಯೂ ಬೇಕಾಯಿತು. ಹಾಗೆ ಬಂದವುಗಳಲ್ಲಿ ಮುಖ್ಯವಾದದ್ದು 1885ರ ಭಾರತೀಯ ಟೆಲಿಗ್ರಾಫ್ ಕಾಯ್ದೆ.

ಆ ಕಾಯ್ದೆಯ ಮೂರನೆಯ ಭಾಗ ನಮ್ಮ ವಿಷಯಕ್ಕೆ ಸಂಬಂಧಿಸಿದ್ದು. ಅದರ 10ನೇ ಕಲಮಿನ ಪ್ರಕಾರ ಟೆಲಿಗ್ರಾಫ್ ಪ್ರಾಧಿಕಾರವು ಯಾವುದೇ ಸ್ಥಿರಾಸ್ತಿಯ ಮೇಲೆ, ಕೆಳಗೆ ಅಥವಾ ಅಡ್ಡಲಾಗಿ ತಂತಿ ಎಳೆಯಬಹುದು, ಕಂಬ ನೆಡಬಹುದು. ಮಾಲೀಕನ ಒಪ್ಪಿಗೆ ಬೇಕೆಂದು ಅದು ಹೇಳುವುದಿಲ್ಲ. ಆದರೆ ಅಧಿಕಾರದ ಜೊತೆಗೆ ಮೂರು ಕಟ್ಟುಗಳೂ ಇವೆ. ಒಂದು, ಸರ್ಕಾರಕ್ಕೆ ಸಿಗುವುದು ಬಳಕೆಯ ಹಕ್ಕು ಮಾತ್ರ; ಒಡೆತನ ಬದಲಾಗದು. ಎರಡು, ಸಾಧ್ಯವಾದಷ್ಟು ಕಡಿಮೆ ಹಾನಿ ಮಾಡಬೇಕು. ಮೂರು, ಆದ ಹಾನಿಗೆ ಪೂರ್ಣ ಪರಿಹಾರ ಕೊಡಬೇಕು. 16ನೇ ಕಲಮು ತಂಟೆ ಬಂದಾಗಿನ ದಾರಿಯನ್ನು ಹೇಳುತ್ತದೆ. ಮಾಲೀಕ ಅಡ್ಡಿಪಡಿಸಿದರೆ ಜಿಲ್ಲಾ ಮ್ಯಾಜಿಸ್ಟ್ರೇಟರು ಆದೇಶ ಕೊಡಬಹುದು. ಪರಿಹಾರ ಸಾಲದೆಂದು ತಕರಾರಿದ್ದರೆ ಜಿಲ್ಲಾ ನ್ಯಾಯಾಧೀಶರು ತೀರ್ಮಾನಿಸಬೇಕು.

ಇಲ್ಲಿ ನೀವು ಒಂದು ಕ್ಷಣ ನಿಂತು ಯೋಚಿಸಬೇಕು. 1885ರ ಟೆಲಿಗ್ರಾಫ್ ತಂತಿ ಎಂದರೆ ಏನು? ಬ್ಯಾಟರಿಗಳಿಂದ ನಡೆಯುವ, ಅತ್ಯಲ್ಪ ವಿದ್ಯುತ್ ಪ್ರವಾಹದ, ಹಗುರವಾದ ಒಂದು ಕಬ್ಬಿಣದ ತಂತಿ. ಬಾಂದಿನ ಮೇಲೆ ಒಂದು ಕಂಬ ನೆಟ್ಟರೆ ಮುಗಿಯಿತು. ಅದರ ಕೆಳಗೆ ಎತ್ತು ಹೂಡಿ ನೇಗಿಲು ಹೊಡೆಯಬಹುದು, ಬಣವೆ ಒಟ್ಟಬಹುದು. ಆದ್ದರಿಂದ "ಬಳಕೆಯ ಹಕ್ಕು ಮಾತ್ರ" ಎಂಬ ಮಾತು ಆ ಕಾಲಕ್ಕೆ ಒಪ್ಪುವಂಥದೇ ಆಗಿತ್ತು.

ಶಕ್ತಿಯ ತಂತಿ ಬಂತು

ಗೋಕಾಕ ಜಲಪಾತದಲ್ಲಿ ಘಟಪ್ರಭೆ ಸುಮಾರು 52 ಮೀಟರ್ ಧುಮುಕುತ್ತದೆ. ಆ ನೀರಿನ ಬಲವನ್ನು ನಂಬಿಯೇ 1887ರಲ್ಲಿ ಅಲ್ಲಿ ಹತ್ತಿ ಗಿರಣಿ ಶುರುವಾಯಿತು. ಶಕ್ತಿ ಹುಟ್ಟುವ ಜಾಗಕ್ಕೇ ಕಾರ್ಖಾನೆ ಹೋದ ಕಾಲವದು. ಹಾಗಾಗಿ ರೈತರ ಹೊಲದ ಮೇಲೆ ದೂರದ ಮಾರ್ಗ ಎಳೆಯುವ ಪ್ರಸಂಗ ಬರಲಿಲ್ಲ.

1902ರಲ್ಲಿ ಈ ಕ್ರಮ ತಲೆಕೆಳಗಾಯಿತು. ಮೈಸೂರು ಸಂಸ್ಥಾನದ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಆಗಿನ ಜಗತ್ತಿನ ಅತಿ ಉದ್ದದ ಮಾರ್ಗಗಳಲ್ಲಿ ಅದೂ ಒಂದು. ಇನ್ನು ಮುಂದೆ ಕಾರ್ಖಾನೆ ಶಕ್ತಿಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಶಕ್ತಿಯೇ ಹೊಲ ಗದ್ದೆಗಳನ್ನು ದಾಟಿ ಬರುತ್ತದೆ.

ಬ್ರಿಟಿಷ್ ಇಂಡಿಯಾದಲ್ಲಿ 1910ರ ವಿದ್ಯುತ್ ಕಾಯ್ದೆ ಜಾರಿಗೆ ಬಂತು. ಅದರ 12ನೇ ಕಲಮು ರೈತನ ಪರವಾಗಿತ್ತು: ಸಾರ್ವಜನಿಕವಲ್ಲದ ಜಮೀನಿನಲ್ಲಿ ಲೈಸೆನ್ಸುದಾರನು ಮಾಲೀಕನ ಒಪ್ಪಿಗೆಯಿಲ್ಲದೆ ತಂತಿ ಎಳೆಯುವಂತಿಲ್ಲ. ಆದರೆ 51ನೇ ಕಲಮು ಒಂದು ಹಿಂಬಾಗಿಲನ್ನು ತೆರೆದಿಟ್ಟಿತು. ಸರ್ಕಾರ ಬಯಸಿದರೆ ಟೆಲಿಗ್ರಾಫ್ ಪ್ರಾಧಿಕಾರದ ಅಧಿಕಾರಗಳನ್ನು ಲಿಖಿತ ಆದೇಶದ ಮೂಲಕ ವಿದ್ಯುತ್ ಸಂಸ್ಥೆಗೂ ಕೊಡಬಹುದು! 1948ರ ವಿದ್ಯುತ್ ಸರಬರಾಜು ಕಾಯ್ದೆ ಇದನ್ನು ವಿದ್ಯುತ್ ಮಂಡಳಿಗಳಿಗೂ ವಿಸ್ತರಿಸಿತು. ಈಗ ಜಾರಿಯಲ್ಲಿರುವ 2003ರ ವಿದ್ಯುತ್ ಕಾಯ್ದೆಯಲ್ಲಿ ಅದೇ ಬಾಗಿಲು 164ನೇ ಕಲಮಾಗಿ ಉಳಿದಿದೆ. 2023ರ ದೂರಸಂಪರ್ಕ ಕಾಯ್ದೆ ಬಂದಾಗಲೂ ವಿದ್ಯುತ್ ಮಾರ್ಗಗಳ ಮಟ್ಟಿಗೆ 1885ರ ಕಾಯ್ದೆಯ ಮೂರನೆಯ ಭಾಗವನ್ನು ಉಳಿಸಿಕೊಳ್ಳಲಾಯಿತು.

ಹೀಗೆ ಹಗುರ ತಂತಿಗೆಂದು ಹೊಲಿದ ಅಂಗಿಯನ್ನು ಲಕ್ಷಗಟ್ಟಲೆ ವೋಲ್ಟಿನ ಮಾರ್ಗಕ್ಕೆ ತೊಡಿಸಲಾಯಿತು. ಕಾಯ್ದೆಯ ಮಾತು ಬದಲಾಗಲಿಲ್ಲ. ಬದಲಾದದ್ದು ತಂತಿಯ ಭೌತವಿಜ್ಞಾನ.

ತಂತಿಯ ಕೆಳಗಿನ ಲೆಕ್ಕ

ಅಷ್ಟು ಹೆಚ್ಚು ವೋಲ್ಟೇಜು ಏಕೆ ಬೇಕು? ಸಾಗಿಸುವ ಸಾಮರ್ಥ್ಯವು ವೋಲ್ಟೇಜು ಮತ್ತು ಪ್ರವಾಹಗಳ ಗುಣಲಬ್ಧ. ತಂತಿಯಲ್ಲಿ ಶಾಖವಾಗಿ ಪೋಲಾಗುವುದು ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿ. 11 ಕಿಲೋವೋಲ್ಟಿನ ಬದಲು 220 ಕಿಲೋವೋಲ್ಟಿನಲ್ಲಿ ಅಷ್ಟೇ ಸಾಮರ್ಥ್ಯವನ್ನು ಅದೇ ರೋಧದ ತಂತಿಯಲ್ಲಿ ಕಳಿಸಿದರೆ ಪ್ರವಾಹ 20ನೇ ಒಂದು ಭಾಗಕ್ಕೂ ನಷ್ಟ 400ನೇ ಒಂದು ಭಾಗಕ್ಕೂ ಇಳಿಯುತ್ತದೆ. ಇದು ದೇಶಕ್ಕೆ ಲಾಭ. ಆದರೆ ಇದರ ಬೆಲೆಯ ಒಂದು ಪಾಲು ತಂತಿಯ ಕೆಳಗಿನ ಹೊಲದ ಮೇಲೆ ಬೀಳುತ್ತದೆ.

ಎರಡು ಗೋಪುರಗಳ ನಡುವೆ ತಂತಿ ಜೋತು ಬೀಳುತ್ತದೆ. ತಂತಿಯ ತೂಕ ಮೀಟರಿಗೆ 1.6 ಕಿಲೋಗ್ರಾಂ, ಗೋಪುರಗಳ ಅಂತರ 350 ಮೀಟರ್, ಎಳೆತ 3000 ಕಿಲೋಗ್ರಾಂ ಭಾರದಷ್ಟು ಎಂದುಕೊಳ್ಳಿ. ತೂಕವನ್ನು ಅಂತರದ ವರ್ಗದಿಂದ ಗುಣಿಸಿ, ಎಳೆತದ ಎಂಟು ಪಟ್ಟಿನಿಂದ ಭಾಗಿಸಿ. ಜೋಲು 8 ಮೀಟರಿಗೂ ಹೆಚ್ಚು! ಬೇಸಿಗೆಯ ಮಧ್ಯಾಹ್ನ, ಹೆಚ್ಚು ಪ್ರವಾಹ ಹರಿಯುವಾಗ, ಲೋಹ ಹಿಗ್ಗಿ ಅದು ಇನ್ನಷ್ಟು ಕೆಳಗಿಳಿಯುತ್ತದೆ.

ಆದ್ದರಿಂದ ನೆಲದಿಂದ ಇಷ್ಟು ಎತ್ತರ ಇರಲೇಬೇಕೆಂಬ ನಿಯಮವಿದೆ: 33 ಕಿಲೋವೋಲ್ಟಿಗೆ 5.2 ಮೀಟರ್, ಅದರ ಮೇಲಿನ ಪ್ರತಿ 33 ಕಿಲೋವೋಲ್ಟಿಗೆ ಅಥವಾ ಅದರ ಭಾಗಕ್ಕೆ 0.3 ಮೀಟರ್. 220 ಕಿಲೋವೋಲ್ಟಿಗೆ ಇದು 7 ಮೀಟರ್ ಆಗುತ್ತದೆ. ತುಂತುರು ನೀರಾವರಿಯ ಪೈಪು ಸಾಮಾನ್ಯವಾಗಿ 6 ಮೀಟರ್ ಉದ್ದ. ಒಳಗೆ ಸಿಕ್ಕ ಕಸ ಉದುರಿಸಲೆಂದು ಅಲ್ಯೂಮಿನಿಯಂ ಪೈಪನ್ನು ಯಾರಾದರೂ ನೆಟ್ಟಗೆ ಎತ್ತಿ ಹಿಡಿದರೆ ಅದರ ತುದಿ ಎಲ್ಲಿಗೆ ಮುಟ್ಟುತ್ತದೆ? ತಂತಿಗೆ ತಗಲಬೇಕೆಂದೂ ಇಲ್ಲ. ಹತ್ತಿರ ಹೋದರೆ ಗಾಳಿಯನ್ನೇ ಭೇದಿಸಿ ಕಿಡಿ ಹಾರಬಹುದು. ತಂತಿಗೆ ಸಮಾಂತರವಾಗಿ ಒಣ ಕಟ್ಟಿಗೆಯ ಗೂಟಗಳ ಮೇಲೆ ಉದ್ದಕ್ಕೆ ಕಟ್ಟಿದ ಬೇಲಿ ತಂತಿಯಲ್ಲಿಯೂ ಪ್ರೇರಣೆಯಿಂದ ವೋಲ್ಟೇಜು ಹುಟ್ಟುತ್ತದೆ. ಅದನ್ನು ಅಲ್ಲಲ್ಲಿ ಭೂಸಂಪರ್ಕಗೊಳಿಸಬೇಕು.

ಗಾಳಿಗೆ ತಂತಿ ಅಡ್ಡಡ್ಡ ಓಲಾಡುವುದರಿಂದ ಅಗಲದ ಪಟ್ಟಿಯೂ ಬೇಕು. 110 ಕಿಲೋವೋಲ್ಟಿಗೆ 22 ಮೀಟರ್, 220ಕ್ಕೆ 35 ಮೀಟರ್, 400ಕ್ಕೆ 46 ಮೀಟರ್. ಧಾರವಾಡದ ಬಳಿಯ ನರೇಂದ್ರದಿಂದ ಬೆಳಗಾವಿ ಜಿಲ್ಲೆಯನ್ನು ಹಾದು ಕೊಲ್ಲಾಪುರದತ್ತ ಹೋಗುವ ಪವರ್‌ಗ್ರಿಡ್ ಮಾರ್ಗದಂತೆ 765 ಕಿಲೋವೋಲ್ಟಿಗೆಂದು ಕಟ್ಟಿದವಕ್ಕೆ ಪಟ್ಟಿ 60 ಮೀಟರನ್ನೂ ಮೀರುತ್ತದೆ.

ಈಗ ಚೌಕಾಕಾರದ 4 ಎಕರೆ ಹೊಲವೊಂದನ್ನು ಊಹಿಸಿ. ಅದರ ಒಂದು ಬದಿ ಸುಮಾರು 127 ಮೀಟರ್. 220 ಕಿಲೋವೋಲ್ಟಿನ ಮಾರ್ಗ ನೇರವಾಗಿ ದಾಟಿದರೆ 35 ಮೀಟರ್ ಅಗಲದ ಪಟ್ಟಿಗೆ ಸಿಕ್ಕುವ ನೆಲ ಸುಮಾರು 1.1 ಎಕರೆ, ಅಂದರೆ ಹೊಲದ ಕಾಲುಭಾಗಕ್ಕಿಂತ ಹೆಚ್ಚು. ಕಬ್ಬು, ಜೋಳ ಬೆಳೆಯಬಹುದು ನಿಜ. ತೆಂಗು, ಮಾವುಗಳ ತೋಟ ಮಾಡುವ ಆಸೆಯನ್ನು ಅಲ್ಲಿ ಬಿಡಬೇಕು. ತೋಟಗಾರಿಕೆ ಕಾಲೇಜನ್ನೇ ಹೊಂದಿರುವ ಅರಭಾವಿಯಂಥ ಊರಿನಲ್ಲಿ ಇದು ಸಣ್ಣ ನಷ್ಟವಲ್ಲ.

ಪರಿಹಾರ ಬೆಳೆದ ಬಗೆ

"ಹಾನಿ" ಎಂದರೆ ತುಳಿದುಹೋದ ಬೆಳೆ, ಕಡಿದ ಮರ ಎಂದಷ್ಟೇ ಲೆಕ್ಕ ಹಾಕುವುದು ಬಹುಕಾಲದ ರೂಢಿ. ನೆಲದ ಬೆಲೆಯೇ ಇಳಿಯುತ್ತದೆ ಎಂಬುದನ್ನೂ ಗಣನೆಗೆ ತೆಗೆದುಕೊಳ್ಳಲು ನ್ಯಾಯಾಲಯಗಳೇ ದಾರಿ ತೋರಬೇಕಾಯಿತು. ಕೇರಳ ವಿದ್ಯುತ್ ಮಂಡಳಿ ಮತ್ತು ಲಿವಿಷಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2007ರಲ್ಲಿ, ಜಮೀನು ಇರುವ ಜಾಗ, ತಂತಿ ಹಾಯುವ ರೀತಿ, ಉಳಿದ ನೆಲದ ಉಪಯೋಗಗಳನ್ನು ನೋಡಿ ಪ್ರತಿ ಪ್ರಕರಣದಲ್ಲೂ ಪರಿಹಾರ ನಿರ್ಧರಿಸಬೇಕೆಂದು ಹೇಳಿತು. ಅದೇ ನ್ಯಾಯಾಲಯ 2016ರ ಡಿಸೆಂಬರಿನಲ್ಲಿ ಪವರ್‌ಗ್ರಿಡ್ ಮತ್ತು ಸೆಂಚುರಿ ಟೆಕ್ಸ್‌ಟೈಲ್ಸ್ ಪ್ರಕರಣದಲ್ಲಿ, 164ನೇ ಕಲಮಿನ ಅಧಿಕಾರ ಪಡೆದ ಸಂಸ್ಥೆಗೆ ಮಾಲೀಕನ ಪೂರ್ವಾನುಮತಿ ಬೇಕಿಲ್ಲ ಎಂದಿತು.

ಇವೆರಡರ ನಡುವೆ, 2015ರ ಅಕ್ಟೋಬರಿನಲ್ಲಿ, ಕೇಂದ್ರ ವಿದ್ಯುತ್ ಸಚಿವಾಲಯ ಒಂದು ಮಾರ್ಗಸೂಚಿ ಹೊರಡಿಸಿತು. 66 ಕಿಲೋವೋಲ್ಟ್ ಮತ್ತು ಮೇಲ್ಪಟ್ಟ ಮಾರ್ಗಗಳಲ್ಲಿ, ಬೆಳೆ ಮತ್ತು ಮರಗಳ ಪರಿಹಾರದ ಜೊತೆಗೆ, ಗೋಪುರದ ಬುಡದ ನೆಲಕ್ಕೆ ಬೆಲೆಯ ಶೇ. 85, ಪಟ್ಟಿಯ ನೆಲಕ್ಕೆ ಗರಿಷ್ಠ ಶೇ. 15. 2024ರ ಜೂನಿನಲ್ಲಿ ಇವನ್ನು ಶೇ. 200 ಮತ್ತು ಶೇ. 30ಕ್ಕೆ ಏರಿಸಲಾಯಿತು. 2025ರ ಮಾರ್ಚಿನ ಪೂರಕ ಸೂಚನೆಯಲ್ಲಿ ನಗರಗಳ ದರ ಹೆಚ್ಚಿತು. ಗ್ರಾಮೀಣ ಪಟ್ಟಿಗೆ ಶೇ. 30 ಹಾಗೆಯೇ ಉಳಿಯಿತು. ಇವು ಮಾರ್ಗಸೂಚಿಗಳು, ರಾಜ್ಯಗಳು ತಮ್ಮ ಆದೇಶದ ಮೂಲಕ ಒಪ್ಪಿಕೊಳ್ಳಬೇಕು ಎಂಬುದು ನೆನಪಿರಲಿ.

ಲೆಕ್ಕದ ಅನುಕೂಲಕ್ಕೆ ಎಕರೆಗೆ 20 ಲಕ್ಷ ರೂಪಾಯಿ ಎಂದು ಹಿಡಿಯೋಣ. ನಮ್ಮ 1.1 ಎಕರೆ ಪಟ್ಟಿಗೆ 2015ರ ಸೂಚನೆಯಂತೆ ಹೆಚ್ಚೆಂದರೆ 3.3 ಲಕ್ಷ, 2024ರದರಂತೆ 6.6 ಲಕ್ಷ. ಬಹುಕಾಲದ ಹಳೆಯ ರೂಢಿಯಂತಾಗಿದ್ದರೆ ಬೆಳೆ, ಮರಗಳ ಬೆಲೆ ಮಾತ್ರ!

ಗುತ್ತಿಗೆದಾರ ಬಂದಾಗ

ಹಾಗಾದರೆ ಹೊಲದಲ್ಲಿ ಗುಂಡಿ ತೋಡುವ ಗುತ್ತಿಗೆದಾರನಿಗೆ ಇರುವ ಅಧಿಕಾರವೇನು? ಸ್ವಂತದ್ದು ಏನೂ ಇಲ್ಲ. ಅಧಿಕಾರ ಇರುವುದು ಸಂಸ್ಥೆಗೆ; ಅದೂ 164ನೇ ಕಲಮಿನ ಲಿಖಿತ ಆದೇಶ ಇದ್ದಾಗ. ಆ ಆದೇಶ ಇಲ್ಲದಿದ್ದರೆ 2006ರ ಲೈಸೆನ್ಸುದಾರರ ಕಾಮಗಾರಿ ನಿಯಮಗಳು ಅನ್ವಯಿಸುತ್ತವೆ. ಅವುಗಳ 3ನೇ ನಿಯಮದಂತೆ ಮಾಲೀಕನ ಪೂರ್ವ ಒಪ್ಪಿಗೆ ಬೇಕು. ಆತ ಆಕ್ಷೇಪಿಸಿದರೆ ಜಿಲ್ಲಾ ಮ್ಯಾಜಿಸ್ಟ್ರೇಟರ ಅಥವಾ ಅಧಿಕಾರ ಪಡೆದ ಅಧಿಕಾರಿಯ ಲಿಖಿತ ಅನುಮತಿ ಬೇಕು.

ಆದ್ದರಿಂದ ರೈತ ಕೇಳಬೇಕಾದ ಮೊದಲ ಪ್ರಶ್ನೆ "ಯಾರನ್ನ ಕೇಳಿ ಅಗದ್ರಿ?" ಎಂಬುದಲ್ಲ, "ಯಾವ ಕಲಮಿನ ಪ್ರಕಾರ? ಆದೇಶದ ಪ್ರತಿ ತೋರಿಸಿ" ಎಂಬುದು. ಎರಡನೆಯದು, ಬೆಳೆ ಮತ್ತು ಮರಗಳ ಪಂಚನಾಮೆ ಕೆಲಸಕ್ಕೆ ಮೊದಲೇ ಆಗಬೇಕು, ಅದರ ಪ್ರತಿ ಕೈಯಲ್ಲಿರಬೇಕು. ಮೂರನೆಯದು, ಮಾರ್ಗದ ವೋಲ್ಟೇಜು ಎಷ್ಟು, ಪಟ್ಟಿಯ ಅಗಲ ಎಷ್ಟು ಎಂಬುದನ್ನು ಬರಹದಲ್ಲಿ ಪಡೆಯಬೇಕು. 164ನೇ ಕಲಮಿನ ಮಾರ್ಗವಾದರೆ ಪರಿಹಾರದ ತಕರಾರು ಜಿಲ್ಲಾ ನ್ಯಾಯಾಧೀಶರಲ್ಲಿಗೆ. ಇಲ್ಲದಿದ್ದರೆ 67ನೇ ಕಲಮಿನಂತೆ ವಿದ್ಯುತ್ ನಿಯಂತ್ರಣ ಆಯೋಗಕ್ಕೆ. ಸಹಿ ಹಾಕುವ ಮೊದಲು ಓದಬೇಕು. ಓದಲು ಬಾರದವರಿಗೆ ಓದಿ ಹೇಳುವವರು ಬೇಕು.

ಇನ್ನೊಂದು ಮಾತನ್ನೂ ಹೇಳಬೇಕು. ನಿಮ್ಮೂರಿನ ಪ್ರತಿ ಪಂಪ್‌ಸೆಟ್ಟಿಗೆ ಬಂದ 11 ಕಿಲೋವೋಲ್ಟಿನ ತಂತಿಯೂ ಯಾರದೋ ಹೊಲವನ್ನು ದಾಟಿಯೇ ಬಂದಿದೆ. ತಂತಿಯೇ ಬೇಡ ಎನ್ನುವ ಹಾಗಿಲ್ಲ. ದೂರದೂರಿನ ದೀಪಕ್ಕಾಗಿ ಒಬ್ಬನ ಕಾಲು ಹೊಲ ಕಟ್ಟುಬೀಳುವಾಗ, ಅವನಿಗೆ ಮೊದಲೇ ತಿಳಿಸಿ, ತಕ್ಕ ಬೆಲೆ ಕೊಡಬೇಕು ಎಂಬುದಷ್ಟೇ ವಾದ.

ಶಿಕ್ಷಕರಿಗೆ ಒಂದು ಸಲಹೆ. ವಿದ್ಯಾರ್ಥಿಗಳನ್ನು ಹತ್ತಿರದ ಮಾರ್ಗವೊಂದರ ಬಳಿ, ಪಟ್ಟಿಯ ಹೊರಗೆ ನಿಲ್ಲಿಸಿ. ಗೋಪುರದ ಫಲಕದಿಂದ ವೋಲ್ಟೇಜು ಓದಿಸಿ. ಕೋನಮಾಪಕ ಮತ್ತು ತ್ರಿಕೋನಮಿತಿಯಿಂದ ನಡುಮಧ್ಯದ ತಂತಿಯ ಎತ್ತರ ಕಂಡುಹಿಡಿಸಿ. ಅದನ್ನು ನಿಯಮದ ಎತ್ತರದೊಡನೆ ಹೋಲಿಸಲಿ. ಕಡಿಮೆ ಬಂದರೆ ವಿದ್ಯುತ್ ಕಚೇರಿಗೆ ಒಂದು ಅರ್ಜಿ ಬರೆಸಿ. ಆ ಹೊಲದ ರೈತನಿಗೂ ವಿಷಯ ತಿಳಿಸಿ.