ತೊಗಟೆಗೆ ಕೊಟ್ಟ ದುಡ್ಡು

ಹೂವು ನೋಡುವಂತಿಲ್ಲ, ಹಣ್ಣು ತಿನ್ನುವಂತಿಲ್ಲ. ಬರೀ ತೊಗಟೆಗೋಸ್ಕರ ಮರ ಸಾಕುವ ಶೋಕಿ ನನಗೆ ಅಂಟಿದ್ದು ಬಾಸ್ಟನ್ನಿಗೆ ಬಂದ ಮೇಲೆ. ನಮ್ಮ ಹಿತ್ತಲಲ್ಲಿರುವುದು ಪೇಪರ್‌ಬಾರ್ಕ್ ಮೇಪಲ್. ದಾಲ್ಚಿನ್ನಿ ಬಣ್ಣದ ತೊಗಟೆ ತೆಳ್ಳಗೆ ಎದ್ದು, ಸುರುಳಿ ಸುತ್ತಿಕೊಂಡು, ಬೀಳದೆ ಅಲ್ಲೇ ನೇತಾಡುತ್ತದೆ. ಮೈಸೂರಿನ ಅತ್ತಿಗೆಗೆ ಫೋನಿನಲ್ಲಿ ತೋರಿಸಿದೆ. "ನಮ್ಮ ಸೀಬೆ ಮರಾನೂ ಸಿಪ್ಪೆ ಬಿಡುತ್ತಲ್ಲೇ, ಇದಕ್ಕೆ ದುಡ್ಡು ಬೇರೆ ಕೊಟ್ಯಾ?" ಅಂದರು.

ಕೊಟ್ಟೆ, ಸ್ವಲ್ಪ ಜಾಸ್ತಿಯೇ. ಯಾಕೆಂದರೆ ಈ ಮರ ಸುಲಭಕ್ಕೆ ಸಂತಾನ ಕೊಡುವುದಿಲ್ಲ. ಪರಾಗಸ್ಪರ್ಶ ಆಗದಿದ್ದರೂ ರೆಕ್ಕೆಯ ಕಾಯಿ ಗೊಂಚಲುಗಟ್ಟಲೆ ಬಿಡುತ್ತದೆ. ಒಡೆದರೆ ಹೆಚ್ಚಿನವು ಜೊಳ್ಳು. ಗಟ್ಟಿ ಬೀಜ ಸಿಕ್ಕರೂ ಮೊಳೆಯಲು ಎರಡು ಮೂರು ವರ್ಷ ಬೇಕಾಗಬಹುದು. ಕಡ್ಡಿ ನೆಟ್ಟರೆ ಬೇರು ಬರುವುದು ಅಪರೂಪ.

ಇದರ ತವರು ಮಧ್ಯ ಚೀನಾದ ಬೆಟ್ಟಗಳು. ಪ್ಯಾರಿಸ್ಸಿನಲ್ಲಿ ಕೂತೇ ಒಣ ಮಾದರಿ ನೋಡಿ 1894ರಲ್ಲಿ ಸಸ್ಯಶಾಸ್ತ್ರಜ್ಞ ಫ್ರಾಂಶೆ ಇದನ್ನು ಇನ್ನೊಂದು ಮೇಪಲ್ಲಿನ ಒಂದು ಬಗೆಯೆಂದು ವರ್ಣಿಸಿದ್ದ. ಜೀವಂತ ಬೀಜ ಪಶ್ಚಿಮಕ್ಕೆ ಬಂದದ್ದು 1901ರಲ್ಲಿ, ಅರ್ನೆಸ್ಟ್ ವಿಲ್ಸನ್ ಕೈಯಿಂದ. ಆತನನ್ನು ಕಳಿಸಿದ್ದು ಇಂಗ್ಲೆಂಡಿನ ವೀಚ್ ನರ್ಸರಿ, ಅದೂ ಬೇರೆ ಕೆಲಸಕ್ಕೆ: ಬಿಳಿ ಕರವಸ್ತ್ರ ತೂಗುಹಾಕಿದಂತೆ ಕಾಣುವ ಡೇವಿಡಿಯಾ ಮರದ ಬೀಜ ತರಬೇಕು, ಮಿಕ್ಕಿದ್ದಕ್ಕೆ ಸಮಯ ದಂಡ ಮಾಡಬೇಡ, ಚೀನಾದಲ್ಲಿ ತರುವಂಥದ್ದೆಲ್ಲ ಆಗಲೇ ಬಂದಾಗಿದೆ ಎಂದು ತಾಕೀತು. ಸದ್ಯ, ಹುಡುಗ ಅದನ್ನು ಅಕ್ಷರಶಃ ಪಾಲಿಸಲಿಲ್ಲ. ಹಿಂದೊಮ್ಮೆ ಡೇವಿಡಿಯಾ ಕಂಡಿದ್ದ, ಆಗ ಯುನ್ನಾನಿನಲ್ಲಿದ್ದ ಸಸ್ಯಸಂಗ್ರಾಹಕ ಆಗಸ್ಟಿನ್ ಹೆನ್ರಿ ಗೀಚಿಕೊಟ್ಟ ನಕ್ಷೆ ಹಿಡಿದು 1900ರ ಏಪ್ರಿಲಿನಲ್ಲಿ ಆ ಮರದ ಜಾಗ ತಲುಪಿದರೆ ಉಳಿದಿದ್ದು ಬುಡ ಮಾತ್ರ. ಮರ ಕಡಿದು ಯಾರೋ ಮನೆ ಕಟ್ಟಿಕೊಂಡಿದ್ದರು. ಮುಂದಿನ ತಿಂಗಳು ಬೇರೆ ಕಡೆ ಹೂಬಿಟ್ಟ ಡೇವಿಡಿಯಾ ಸಿಕ್ಕಿತು. ಮರುವರ್ಷ ಹುಬೇಯಲ್ಲಿ ನಮ್ಮ ಮೇಪಲ್.

ವಿಲ್ಸನ್ನನ ಹೆಸರು ಎಲ್ಲ ತೋಟಗಾರಿಕೆ ಪುಸ್ತಕಗಳಲ್ಲೂ ಇದೆ. ವರ್ಷಗಟ್ಟಲೆ ಅವನ ಜೊತೆ ಬೆಟ್ಟ ಹತ್ತಿ ಬೀಜ ಆರಿಸಿದ ಚೀನೀ ಕೂಲಿಗಳು ಮಾತ್ರ ಅಲ್ಲಿ "ನನ್ನ ಆಳುಗಳು". ಕಾಫಿ ತೋಟಗಳ ಚರಿತ್ರೆ ಓದಿದವರಿಗೆ ಈ ವಾಡಿಕೆ ಹೊಸದೇನಲ್ಲ.

ವೀಚ್ ನರ್ಸರಿಯ ಸರ್ ಹ್ಯಾರಿಗೆ ವಾರಸುದಾರರಿಲ್ಲದೆ 1914ರಲ್ಲಿ ವ್ಯವಹಾರ ಮುಚ್ಚಿತು. ಅಷ್ಟರಲ್ಲಿ ವಿಲ್ಸನ್ ಬಾಸ್ಟನ್ನಿನ ಆರ್ನಾಲ್ಡ್ ಆರ್ಬೊರೇಟಂ ಎಂಬ ವೃಕ್ಷೋದ್ಯಾನ ಸೇರಿದ್ದ. ಆತ 1907ರಲ್ಲಿ ಹುಬೇಯಿಂದ ಕಿತ್ತು ಅಲ್ಲಿಗೆ ಕಳಿಸಿದ್ದು ಈ ಮೇಪಲ್ಲಿನ ಎರಡೇ ಸಸಿ. ಒಂದು ಇಂದಿಗೂ ಅಲ್ಲಿದೆ. ನಾನು ಮರಕ್ಕೆ ಮನಸೋತದ್ದು ಅದರ ಮುಂದೆಯೇ, ಹಿಮ ಬಿದ್ದ ಒಂದು ಮಧ್ಯಾಹ್ನ. ಎಲೆ ಉದುರಿ ಎಲ್ಲ ಬೂದಿ ಬಣ್ಣವಾಗಿರುವಾಗ ಇದೊಂದೇ ಕೆಂಪಗೆ ಹೊಳೆಯುತ್ತಿತ್ತು. ಇಪ್ಪತ್ತು ಮೂವತ್ತು ಅಡಿಯ ಮೇಲೆ ಬೆಳೆಯುವುದು ಕಡಿಮೆ, ಅದೂ ಬಹಳ ನಿಧಾನ. ಹಾಗಾಗಿ ಪುಟ್ಟ ಹಿತ್ತಲಿಗೆ ಸರಿ. ತೊಗಟೆ ಬಿಡುವುದಕ್ಕೆ ಮುದಿಯಾಗಬೇಕಾಗಿಯೂ ಇಲ್ಲ, ಎಳೆಯ ಕೊಂಬೆಯಲ್ಲೇ ಶುರು. ಮೊಮ್ಮಗ ಕೀಳಲು ಹೋದರೆ ಗದರುತ್ತೇನೆ.

ತೋಟಗಳಲ್ಲಿರುವ ಮರಗಳ ಮೂಲ ಹೀಗೆ ಕೆಲವೇ ಬೀಜ, ಸಸಿ. ತವರಿನಲ್ಲೋ ಇದೀಗ ಅಳಿವಿನಂಚಿನ ಜಾತಿ. ಅದಕ್ಕೇ 2015ರಲ್ಲಿ ಅಮೆರಿಕದ ಸಸ್ಯೋದ್ಯಾನಗಳವರು ಚೀನೀ ಸಸ್ಯಶಾಸ್ತ್ರಜ್ಞರೊಡನೆ ಮತ್ತೆ ಆ ಬೆಟ್ಟಗಳಿಗೆ ಹೋಗಿ, ಡಿಎನ್‌ಎ ಪರೀಕ್ಷೆಗೆಂದು ಕಾಡುಮರಗಳ ಎಲೆ ಆರಿಸಿ ತಂದರು. ಈ ಸಲ ಚೀನೀಯರ ಹೆಸರೂ ವರದಿಯಲ್ಲಿತ್ತು.