ಅಟ್ಟದ ಮೇಲೊಂದು ಅಟ್ಟ: ಬಿಬಿಸಿ ಮೈಕ್ರೊ ಗಣಕದ ಸ್ಮೃತಿ ಬೆಳೆದ ಬಗೆ

ಶಾಲಾ ಮಕ್ಕಳಿಗೆ ಗಣಕದ ಪರಿಚಯ ಮಾಡಿಸಲೆಂದು ಭಾರತ ಸರ್ಕಾರ 1984ರಲ್ಲಿ 'ಕ್ಲಾಸ್' ಎಂಬ ಯೋಜನೆಯನ್ನು ಆರಂಭಿಸಿತು. ಮೊದಲ ಹಂತದಲ್ಲಿ ಆಯ್ಕೆಯಾದವು ಸುಮಾರು 250 ಶಾಲೆಗಳು. ಅವುಗಳಿಗೆ ಬಂದದ್ದು ಬಿಬಿಸಿ ಮೈಕ್ರೊ ಎಂಬ ಗಣಕ. ಇಂಗ್ಲೆಂಡಿನ ಕೇಂಬ್ರಿಜ್‌ನ ಏಕಾರ್ನ್ ಸಂಸ್ಥೆ 1981ರ ಡಿಸೆಂಬರ್‌ನಲ್ಲಿ ಅದನ್ನು ಹೊರತಂದಿತ್ತು. ಮೊಹಾಲಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಸಂಸ್ಥೆ ಇದೇ ಗಣಕವನ್ನು 'ಯೂನಿಕಾರ್ನ್' ಎಂಬ ಹೆಸರಿನಲ್ಲಿ ನಮ್ಮ ದೇಶದಲ್ಲೂ ತಯಾರಿಸಿತು.

ಈ ಗಣಕದ 'ಬಿ' ಮಾದರಿಯ ಸ್ಮೃತಿ ಕೇವಲ 32 ಕಿಲೋಬೈಟ್. 'ಎ' ಮಾದರಿಗೆ ಇದ್ದದ್ದು ಅದರಲ್ಲಿ ಅರ್ಧ. ಇಷ್ಟು ಕಡಿಮೆ ಏಕೆ? ಅದನ್ನು ಹೆಚ್ಚಿಸಿದ್ದು ಹೇಗೆ?

ವಿಳಾಸದ ಮಿತಿ

ಬಿಬಿಸಿ ಮೈಕ್ರೊದ ಸಂಸ್ಕಾರಕ 6502. ಇದಕ್ಕೆ 16 ವಿಳಾಸ ತಂತಿಗಳಿವೆ. ಪ್ರತಿ ತಂತಿಗೂ 0 ಅಥವಾ 1 ಎಂಬ ಎರಡೇ ಸ್ಥಿತಿ. ಆದ್ದರಿಂದ ಅದು ಗುರುತಿಸಬಲ್ಲ ವಿಳಾಸಗಳು 2ರ 16ನೆಯ ಘಾತ, ಅಂದರೆ 65,536 (64 ಕಿಲೋಬೈಟ್). ಇದರಲ್ಲಿ ಅರ್ಧ ಭಾಗವನ್ನು ಕಾರ್ಯಾಚರಣ ವ್ಯವಸ್ಥೆ ಮತ್ತು ಬೇಸಿಕ್ ಭಾಷೆಯಿರುವ ರಾಮ್ ಅಲ್ಲದ, ಓದಲು ಮಾತ್ರ ಬರುವ ಚಿಪ್‌ಗಳು ಆಕ್ರಮಿಸಿಕೊಂಡಿದ್ದವು. ಬರೆದು ಅಳಿಸಲು ಉಳಿದದ್ದು 32 ಕಿಲೋಬೈಟ್.

ಪರದೆಯ ಚಿತ್ರವೂ ಇದೇ ಜಾಗದಲ್ಲಿ ಇರಬೇಕಿತ್ತು. ಉದಾಹರಣೆಗೆ, ಮೋಡ್ 2ರಲ್ಲಿ ಅಡ್ಡಕ್ಕೆ 160, ಉದ್ದಕ್ಕೆ 256 ಚುಕ್ಕಿಗಳು. ಪ್ರತಿ ಚುಕ್ಕಿಗೆ 4 ಬಿಟ್. 160 × 256 × 4 ÷ 8 = 20,480 ಬೈಟ್, ಅಂದರೆ 20 ಕಿಲೋಬೈಟ್. ಹೀಗಾಗಿ 16 ಕಿಲೋಬೈಟ್‌ನ 'ಎ' ಮಾದರಿಯಲ್ಲಿ 4ರಿಂದ 7ರವರೆಗಿನ ಮೋಡ್‌ಗಳು ಮಾತ್ರ ಸಾಧ್ಯ. ಮೋಡ್ 4ಕ್ಕೆ ಬೇಕಾದ 10 ಕಿಲೋಬೈಟ್ ಮತ್ತು ವ್ಯವಸ್ಥೆಯ ಸ್ವಂತ ಬಳಕೆಯ 3.5 ಕಿಲೋಬೈಟ್ ಕಳೆದರೆ ವಿದ್ಯಾರ್ಥಿಯ ಪ್ರೋಗ್ರಾಂಗೆ ಉಳಿಯುತ್ತಿದ್ದದ್ದು 2.5 ಕಿಲೋಬೈಟ್!

ಮೊದಲ ಮಾರ್ಪಾಡು

'ಎ' ಮಾದರಿಯ ಮಂಡಲ ಫಲಕದಲ್ಲಿ ಇನ್ನೂ ಎಂಟು ಸ್ಮೃತಿ ಚಿಪ್‌ಗಳಿಗೆ ಜಾಗ ಖಾಲಿ ಬಿಟ್ಟಿದ್ದರು. ಒಂದೊಂದು ಚಿಪ್‌ನಲ್ಲೂ 16,384 ಬಿಟ್. ಎಂಟು ಚಿಪ್ ಸೇರಿದರೆ ಪ್ರತಿ ವಿಳಾಸದಲ್ಲೂ ಎಂಟು ಬಿಟ್, ಅಂದರೆ ಒಂದು ಬೈಟ್. ಇವನ್ನು ಕೂಡಿಸಿದರೆ 32 ಕಿಲೋಬೈಟ್ ಪೂರ್ಣವಾಗಿ ಮೋಡ್ 0ರಿಂದ 3ರವರೆಗಿನವೂ ದೊರೆಯುತ್ತಿದ್ದವು. ಆದರೆ ಯಾವುದೋ ಚಿಪ್ ಸಾಲದು. ಸಂಸ್ಕಾರಕ ಮತ್ತು ಪರದೆಯ ಮಂಡಲ ಎರಡೂ ಸರದಿಯಂತೆ ಸೆಕೆಂಡಿಗೆ 20 ಲಕ್ಷ ಸಲ ಸ್ಮೃತಿಯನ್ನು ಮುಟ್ಟುತ್ತಿದ್ದವು. ಒಂದೊಂದು ಸರದಿಗೆ ಸಿಗುವ ಕಾಲ 250 ನ್ಯಾನೊಸೆಕೆಂಡ್. ಆ ವೇಗಕ್ಕೆ ತಕ್ಕ ಚಿಪ್‌ಗಳೇ ಬೇಕಿತ್ತು.

ನೆರಳು ಸ್ಮೃತಿ

32 ಕಿಲೋಬೈಟ್ ತುಂಬಿದ ಮೇಲೆ ಹೊಸ ಚಿಪ್‌ಗೆ ಕೊಡಲು ವಿಳಾಸವೇ ಇಲ್ಲ. ಆಗ ಮಾಡುವುದೇನು?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ತೋಟದ ಮನೆಗಳನ್ನು ನೆನೆಯಿರಿ. ಉಂಡೆ ಕೊಬ್ಬರಿಗೆಂದು ಅಟ್ಟಕ್ಕೆ ಏರಿಸಿದ ಕಾಯಿ ತಿಂಗಳುಗಟ್ಟಲೆ ಅಲ್ಲೇ ಇರುತ್ತದೆ. ಅಟ್ಟ ತುಂಬಿದರೆ ಇನ್ನೊಂದು ಅಟ್ಟ ಕಟ್ಟಬಹುದು. ಎರಡು ಅಟ್ಟಗಳ ಅಂಕಣಗಳಿಗೂ ಅವೇ ಸಂಖ್ಯೆಗಳಿದ್ದರೂ ತೊಂದರೆಯಿಲ್ಲ. ಏಣಿಯನ್ನು ಯಾವ ಅಟ್ಟಕ್ಕೆ ಇಡಬೇಕೆಂದು ತಿಳಿದಿದ್ದರೆ ಸಾಕು.

ಗಣಕದಲ್ಲೂ ಇದೇ ಉಪಾಯ. ಪರದೆಗೆಂದೇ 20 ಕಿಲೋಬೈಟ್‌ನ ಇನ್ನೊಂದು ಸ್ಮೃತಿಯನ್ನು ಅವೇ ವಿಳಾಸಗಳಲ್ಲಿ ಇಟ್ಟರು. ಇದೇ ನೆರಳು ಸ್ಮೃತಿ. ನಡೆಯುತ್ತಿರುವ ಆದೇಶ ಕಾರ್ಯಾಚರಣ ವ್ಯವಸ್ಥೆಯ ಪರದೆ ವಿಭಾಗದಿಂದ ಬಂದಿದ್ದರೆ ದತ್ತ ನೆರಳು ಸ್ಮೃತಿಗೆ, ಬಳಕೆದಾರನ ಪ್ರೋಗ್ರಾಂನಿಂದ ಬಂದಿದ್ದರೆ ಮುಖ್ಯ ಸ್ಮೃತಿಗೆ. ಆದೇಶವನ್ನು ಓದುವ ಕ್ಷಣವನ್ನು 6502ರ 'ಸಿಂಕ್' ಎಂಬ ಪಿನ್ ತಿಳಿಸುತ್ತದೆ. ಇಂಥ ಆಯ್ಕೆಗೆ ಅದು ಅನುಕೂಲ. ಏರೀಸ್ ಬಿ-20 ಎಂಬ ಫಲಕವನ್ನು ಕೂರಿಸಲು ಸಂಸ್ಕಾರಕವನ್ನೇ ಕಿತ್ತು, ಅದರ ಜಾಗಕ್ಕೆ ಫಲಕವನ್ನು ಸಿಕ್ಕಿಸಬೇಕಿತ್ತು. 1985ರ 'ಬಿ ಪ್ಲಸ್' ಮಾದರಿಯಲ್ಲಿ ಏಕಾರ್ನ್ ಸಂಸ್ಥೆಯೇ ಈ ಸೌಲಭ್ಯ ಕೊಟ್ಟಿತು. ಮೋಡ್ ಸಂಖ್ಯೆಗೆ 128 ಕೂಡಿಸಿದರೆ ನೆರಳು ಸ್ಮೃತಿ ಜಾರಿಗೆ ಬರುತ್ತಿತ್ತು. ಒಂದು ತೊಡಕೂ ಇತ್ತು: ವ್ಯವಸ್ಥೆಯನ್ನು ಕೇಳದೆ ನೇರವಾಗಿ ಪರದೆಯ ವಿಳಾಸಕ್ಕೆ ಬರೆಯುವ ಆಟಗಳ ಚಿತ್ರ ಮೂಡುತ್ತಿರಲಿಲ್ಲ. ಅದೇ 1985ರಲ್ಲಿ ಪಿಸಿಗಳಿಗೆ ಬಂದ 'ಎಕ್ಸ್‌ಪಾಂಡೆಡ್ ಮೆಮೊರಿ'ಯೂ ಒಂದೇ ವಿಳಾಸಕ್ಕೆ ಹಲವು ಸ್ಮೃತಿ ಪುಟಗಳನ್ನು ಸರದಿಯಲ್ಲಿ ತರುವ ವಿಧಾನವೇ.

ಕನ್ನಡಕ್ಕೆ ಎಷ್ಟು ಜಾಗ?

ಒಂದೇ ಕಿಲೋಬೈಟ್ ಸಾಕಾಗುವ ಮೋಡ್ 7ರಲ್ಲಿ ಅಕ್ಷರಗಳ ಆಕಾರ ಚಿಪ್‌ನೊಳಗೇ ಅಚ್ಚಾಗಿತ್ತು. ಅದರಲ್ಲಿ ಕನ್ನಡ ಬರೆಯುವಂತಿಲ್ಲ. ಚಿತ್ರ ಮೋಡ್‌ಗಳಲ್ಲಿ ಬರೆಯಬಹುದು. ಗುಣಿತಾಕ್ಷರ, ಒತ್ತಕ್ಷರ ಎಲ್ಲ ಸೇರಿ 200 ಆಕಾರಗಳು, ಒಂದೊಂದಕ್ಕೂ 16 × 16 ಚುಕ್ಕಿ ಎಂದಿಟ್ಟುಕೊಳ್ಳೋಣ. ಒಂದಕ್ಕೆ 32 ಬೈಟ್, ಒಟ್ಟು 6,400 ಬೈಟ್. ಡಿಸ್ಕ್ ಜೋಡಿಸಿದ 'ಬಿ' ಮಾದರಿಯಲ್ಲಿ ಮೋಡ್ 0 ಬಳಸಿದರೆ ಉಳಿಯುವುದು 5,888 ಬೈಟ್. ಅಕ್ಷರಮಾಲೆಯೇ ಹಿಡಿಸದು! ನೆರಳು ಸ್ಮೃತಿಯಿದ್ದರೆ 26,368 ಬೈಟ್ ಬಿಡುವು. ಸ್ಮೃತಿಯ ಕೊರತೆ ಎಂದರೆ ಭಾಷೆಗೂ ಕೊರತೆ ಎಂಬುದು ಈ ಲೆಕ್ಕದಿಂದ ಸ್ಪಷ್ಟ. ಮುಂದೆ ಐಐಟಿ ಕಾನ್ಪುರದಲ್ಲಿ ಹುಟ್ಟಿ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ತಂತ್ರಜ್ಞಾನ, ಭಾರತೀಯ ಲಿಪಿಗಳನ್ನು ಮೂಡಿಸುವ ಹೊಣೆಯನ್ನು ಪಿಸಿಯೊಳಗೆ ಸಿಕ್ಕಿಸುವ ಪ್ರತ್ಯೇಕ ಕಾರ್ಡ್‌ಗೆ ಒಪ್ಪಿಸಿತು.

ನಿಮ್ಮ ಶಾಲೆಯ ಉಗ್ರಾಣದಲ್ಲಿ ಇಂಥ ಗಣಕವಿದ್ದರೆ ಗುಜರಿಗೆ ಹಾಕಬೇಡಿ. ಹಾಗೆಂದು ನೇರವಾಗಿ ವಿದ್ಯುತ್ ಕೊಡಲೂಬೇಡಿ. ಹಳೆಯ ವಿದ್ಯುತ್ ಪೂರೈಕೆ ಘಟಕದ ಧಾರಕಗಳು ಬಿರುಕು ಬಿಟ್ಟು ಹೊಗೆಯಾಡುವುದುಂಟು. ಬಲ್ಲವರಿಂದ ಅವನ್ನು ಬದಲಾಯಿಸಿ, ಮುಚ್ಚಳ ತೆರೆದು, ಸಾಲಾಗಿ ಕುಳಿತ ಸ್ಮೃತಿ ಚಿಪ್‌ಗಳನ್ನು ವಿದ್ಯಾರ್ಥಿಗಳಿಗೆ ತೋರಿಸಿ. ಒಂದು ಬೈಟ್ ಎಂದರೇನೆಂದು ಕಣ್ಣಾರೆ ಎಣಿಸಿ ಕಲಿಯಲು ಇಂದಿನ ಮೊಬೈಲ್‌ನಲ್ಲಿ ಅವಕಾಶವಿಲ್ಲ.